ಕರೆಂಟ್ ಕೊಟ್ಟ ಜಾಗದ ನೀಲಿ ಕಲೆ

ಹೋದ ತಿಂಗಳು ಒಂದು ರಾತ್ರಿ ಮುಳಬಾಗಿಲು ಕಡೆಯ ನಮ್ಮ ದೊಡ್ಡಮ್ಮ ಫೋನ್ ಮಾಡಿದರು. ಊಟ ಆಯ್ತಾ, ಮಳೆ ಬಂತಾ ಅಂತ ಏನೂ ಕೇಳಲಿಲ್ಲ. “ಕರೆಂಟ್ ಇಡಿಸಿಕೊಂಡರೆ ಅದರಿಂದಲೇ ಇನ್ನೊಂದು ಕ್ಯಾನ್ಸರ್ ಬರುತ್ತಂತಲ್ಲಮ್ಮಾ, ನಿಜಾನಾ?” ಅಂದರು.

ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿ ಎಡ ಎದೆಯ ಗಂಟು ತೆಗೆದು ಏಳು ವರ್ಷವಾಯಿತು. ಆಗ ಬೆಂಗಳೂರಿನಲ್ಲಿ 25 ದಿನ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟಿದ್ದರು. ಆದರೆ ಅವತ್ತು ಅವರು ಕೇಳಿದ್ದು ತಮ್ಮ ಬಗ್ಗೆ ಅಲ್ಲ, ಬೀಗಿತ್ತಿಯ ಬಗ್ಗೆ. ಬೀಗಿತ್ತಿ ಬಂಗಾರಪೇಟೆ ಹತ್ತಿರದವರು, ವಯಸ್ಸು 52. ಆಪರೇಷನ್ ಮುಗಿದಿದೆ, ಕೀಮೋ ಮುಗಿದಿದೆ. ಮುಂದಿನ ವಾರ ಕರೆಂಟ್ ಶುರುವಾಗಬೇಕು. ಅಷ್ಟರಲ್ಲಿ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಕಳಿಸಿದ್ದಾರೆ. ಅದನ್ನು ನೋಡಿ “ನಾನು ಒಲ್ಲೆ” ಅಂತ ಕೂತುಬಿಟ್ಟಿದ್ದಾರೆ.

“ನಿಜ ದೊಡ್ಡಮ್ಮ” ಅಂದೆ. ಆ ಕಡೆಯಿಂದ ಮಾತೇ ಇಲ್ಲ. “ಆದರೆ ಅವರು ಕರೆಂಟ್ ತಪ್ಪಿಸಬಾರದು. ನೀವು ಮಾತ್ರ ನಾಳೆ ಸ್ನಾನ ಆದ ಮೇಲೆ ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ” ಅಂದೆ.

ಒಂದೇ ಸಂಗತಿಗೆ ಇಬ್ಬರಿಗೆ ಎರಡು ಉತ್ತರ. ಕರೆಂಟ್ ಶುರುವಾಗಬೇಕಾದವರಿಗೆ ಇದು ಹೆದರಿ ಹಿಂದೆ ಸರಿಯುವ ವಿಷಯವಲ್ಲ. ಕರೆಂಟ್ ಮುಗಿದು ವರ್ಷಗಳಾದವರಿಗೆ ಇದು ಮರೆತು ಕೂರುವ ವಿಷಯವೂ ಅಲ್ಲ. ಇದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಈ ‘ಕರೆಂಟ್’ ಅನ್ನುವ ಮಾತು. ನಮ್ಮ ಕಡೆ ರೇಡಿಯೇಷನ್‌ಗೆ ಜನ ಹೇಳುವುದು ಹೀಗೇ. ಕರೆಂಟ್ ಇಡುತ್ತಾರೆ, ಕರೆಂಟ್ ಕೊಡುತ್ತಾರೆ. ಹೆಸರು ಕೇಳಿಯೇ ಶಾಕ್ ಹೊಡೆಯುತ್ತದೆ ಅಂದುಕೊಂಡವರನ್ನು ನಾನು ನೋಡಿದ್ದೇನೆ. ಮೈಗೆ ವಿದ್ಯುತ್ ಹರಿಸುವುದಿಲ್ಲ. ಎಕ್ಸ್‌ರೇ ತೆಗೆಯುವಾಗ ಬರುವಂಥದ್ದೇ ಕಿರಣ, ಶಕ್ತಿ ಮಾತ್ರ ಅದಕ್ಕಿಂತ ತುಂಬಾ ಜಾಸ್ತಿ. ಲೀನಿಯರ್ ಆಕ್ಸಿಲರೇಟರ್ ಅನ್ನುವ ದೊಡ್ಡ ಯಂತ್ರ ಅದನ್ನು ಗುರಿಯಿಟ್ಟು ಬಿಡುತ್ತದೆ. ಹಳೆಯ ಯಂತ್ರಗಳಲ್ಲಿ ಕೋಬಾಲ್ಟ್ 60 ಅನ್ನುವ ವಸ್ತುವಿನಿಂದ ಬರುವ ಕಿರಣ ಬಳಸುತ್ತಾರೆ. ಯಂತ್ರದ ಕೆಳಗೆ ಮಲಗಿರುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ನೋವಿರುವುದಿಲ್ಲ. ಮನೆಗೆ ಬಂದಾಗ ಮೈಯಲ್ಲಿ ಕಿರಣ ಉಳಿದಿರುವುದೂ ಇಲ್ಲ. ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು.

ಗಂಟನ್ನೇ ತೆಗೆದ ಮೇಲೆ ಇದೆಲ್ಲ ಯಾಕೆ ಅಂತ ಬೀಗಿತ್ತಿ ಕೇಳಿದ್ದರಂತೆ. ಹೊಲದಲ್ಲಿ ಗರಿಕೆ ಕಿತ್ತವರಿಗೆ ಇದು ಗೊತ್ತು. ಮೇಲೆ ಎಲ್ಲ ಕಿತ್ತು ಹಾಕಿರುತ್ತೇವೆ, ನೆಲ ಚೊಕ್ಕಟವಾಗಿ ಕಾಣುತ್ತದೆ. ಒಳಗೆ ಎಲ್ಲೋ ಒಂದು ಬೇರಿನ ತುಂಡು ಉಳಿದಿರುತ್ತದೆ. ಸರ್ಜನ್ ಕಣ್ಣಿಗೆ ಕಂಡದ್ದನ್ನು ತೆಗೆಯುತ್ತಾರೆ, ಕಾಣದೆ ಉಳಿದಿರಬಹುದಾದ ಕಣಗಳಿಗೆ ಕರೆಂಟ್. ಕಿರಣ ಬಿದ್ದಾಗ ಜೀವಕೋಶದೊಳಗಿನ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಕ್ಯಾನ್ಸರ್ ಕಣಗಳಿಗೆ ಆ ತುಂಡುಗಳನ್ನು ಸರಿಯಾಗಿ ಜೋಡಿಸಿಕೊಳ್ಳುವ ತಾಕತ್ತು ಕಡಿಮೆ, ಅವು ಸಾಯುತ್ತವೆ. ಪಕ್ಕದ ಒಳ್ಳೆಯ ಕಣಗಳು ರಿಪೇರಿ ಮಾಡಿಕೊಂಡು ಬದುಕುತ್ತವೆ. ಒಂದೇ ಸಲ ಪೂರ್ತಿ ಡೋಸ್ ಕೊಡದೆ ದಿನಕ್ಕೆ ಸ್ವಲ್ಪ ಸ್ವಲ್ಪ ಕೊಡುವುದು, ಈ ಒಳ್ಳೆಯ ಕಣಗಳಿಗೆ ರಿಪೇರಿಗೆ ಸಮಯ ಸಿಗಲಿ ಅಂತಲೇ.

ಆ ರಿಪೇರಿ ಬಹುತೇಕ ಸಲ ಸರಿಯಾಗಿಯೇ ಆಗುತ್ತದೆ. ಅಪರೂಪಕ್ಕೆ ಎಲ್ಲೋ ಒಂದು ಕಣದಲ್ಲಿ ತಪ್ಪಾಗಿ ಜೋಡಣೆಯಾಗುತ್ತದೆ. ಆ ತಪ್ಪು ವರ್ಷಗಟ್ಟಲೆ ಸುಮ್ಮನಿದ್ದು, ಮುಂದೆ ಇನ್ನೊಂದಿಷ್ಟು ತಪ್ಪುಗಳು ಸೇರಿ, ಯಾವತ್ತೋ ಗಡ್ಡೆಯಾಗಬಹುದು. ಆ ವಿಡಿಯೊದಲ್ಲಿದ್ದ ನಿಜ ಇಷ್ಟೇ. ಇಂಥ ಗಡ್ಡೆಗಳಲ್ಲಿ ನಾನು ಇಲ್ಲಿ ಹೇಳುತ್ತಿರುವುದರ ಹೆಸರು ಆಂಜಿಯೋಸಾರ್ಕೋಮ. ರಕ್ತನಾಳ ಮತ್ತು ದುಗ್ಧನಾಳಗಳ (ಲಿಂಫ್ ಅನ್ನುವ ತಿಳಿರಸ ಹರಿಯುವ ನಾಳಗಳು, ಹಾಲಿನವಲ್ಲ) ಒಳಮೈಗೆ ತೆಳ್ಳಗೆ ಹೊದ್ದಂತಿರುವ ಕಣಗಳಿಂದ ಇದು ಹುಟ್ಟುತ್ತದೆ. ಸ್ತನ ಕ್ಯಾನ್ಸರ್ ಹುಟ್ಟುವುದು ಹಾಲಿನ ಗ್ರಂಥಿ, ಹಾಲಿನ ನಾಳಗಳಲ್ಲಿ. ಹಾಗಾಗಿ ಎರಡಕ್ಕೂ ಇರುವ ಸಂಬಂಧ ಜಾಗದ್ದು ಮಾತ್ರ. ಜಾತಿಯೇ ಬೇರೆ. ಹಳೆಯ ಕ್ಯಾನ್ಸರ್ ಮತ್ತೆ ಬಂತು ಅಂದುಕೊಂಡು ಹಾರ್ಮೋನ್ ಮಾತ್ರೆ ಮುಂದುವರಿಸಿದರೆ ಇದಕ್ಕೆ ಏನೂ ಆಗುವುದಿಲ್ಲ.

ವೈದ್ಯಲೋಕಕ್ಕೆ ಇದು ಹೊಸ ಸುದ್ದಿಯಲ್ಲ. ಕಿರಣ ಬಿದ್ದ ಜಾಗದಲ್ಲಿ ವರ್ಷಗಳ ನಂತರ ಸಾರ್ಕೋಮ (ಮೂಳೆ, ಸ್ನಾಯು, ರಕ್ತನಾಳದಂಥ ಕಡೆ ಹುಟ್ಟುವ ಕ್ಯಾನ್ಸರ್) ಬಂದರೆ ಅದನ್ನು ಹೇಗೆ ಗುರುತಿಸಬೇಕು ಅಂತ ಅಮೆರಿಕದ ವೈದ್ಯ ಕೇಹನ್ ಮತ್ತು ಜೊತೆಯವರು 1948ರಲ್ಲೇ ಬರೆದರು. ಗಡ್ಡೆ ಕಿರಣ ಬಿದ್ದ ಜಾಗದಲ್ಲೇ ಇರಬೇಕು. ನಡುವೆ ವರ್ಷಗಳ ಅಂತರ ಇರಬೇಕು. ಹಳೆಯ ಗಡ್ಡೆಗಿಂತ ಬೇರೆ ಜಾತಿಯದು ಅಂತ ಸೂಕ್ಷ್ಮದರ್ಶಕದಲ್ಲಿ ಕಾಣಬೇಕು. ಇವತ್ತಿಗೂ ವೈದ್ಯರು ಹೆಚ್ಚುಕಡಿಮೆ ಇದನ್ನೇ ನೋಡುತ್ತಾರೆ. ಅಂತರ ಎಷ್ಟು ಅಂದರೆ ಸಾಮಾನ್ಯವಾಗಿ ಆರರಿಂದ ಎಂಟು ವರ್ಷದ ಆಸುಪಾಸು. ಮೂರೇ ವರ್ಷಕ್ಕೆ ಬಂದದ್ದೂ ಇದೆ, ಇಪ್ಪತ್ತು ವರ್ಷಕ್ಕೆ ಬಂದದ್ದೂ ಇದೆ.

ಸಾವಿರಕ್ಕೆ ಒಬ್ಬರು

ಹಾಗಾದರೆ ಎಷ್ಟು ಜನಕ್ಕೆ ಬರುತ್ತದೆ? ಇಲ್ಲಿ ಅಂಕಿ ಬೇಕು, ಯಾಕೆಂದರೆ ವಿಡಿಯೊಗಳಲ್ಲಿ ಇರುವುದು ಹೆದರಿಕೆ ಮಾತ್ರ. ನೆದರ್ಲೆಂಡ್ಸ್‌ನಲ್ಲಿ ದೇಶದ ಎಲ್ಲ ಕ್ಯಾನ್ಸರ್ ರೋಗಿಗಳ ಲೆಕ್ಕ ಇಡುತ್ತಾರೆ. ಅಲ್ಲಿ ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದ ಸುಮಾರು 1 ಲಕ್ಷ 84 ಸಾವಿರ ಹೆಂಗಸರ ದಾಖಲೆ ನೋಡಿದಾಗ ಈ ಗಡ್ಡೆ ಕಾಣಿಸಿದ್ದು 209 ಮಂದಿಯಲ್ಲಿ. ಅಂದರೆ ಸಾವಿರಕ್ಕೆ ಸುಮಾರು ಒಬ್ಬರು.

ಈಗ ತಕ್ಕಡಿಯ ಇನ್ನೊಂದು ತಟ್ಟೆ ನೋಡೋಣ. ಗಂಟು ಮಾತ್ರ ತೆಗೆದು ಸ್ತನ ಉಳಿಸಿಕೊಂಡ 10,801 ಹೆಂಗಸರ ಮೇಲೆ ನಡೆದ 17 ಪ್ರಯೋಗಗಳ ಫಲವನ್ನು ಒಟ್ಟು ಮಾಡಿ 2011ರಲ್ಲಿ ಪ್ರಕಟಿಸಿದರು. ಕರೆಂಟ್ ಕೊಡದವರಲ್ಲಿ ಹತ್ತು ವರ್ಷದೊಳಗೆ ಕ್ಯಾನ್ಸರ್ ಮರುಕಳಿಸಿದ್ದು ನೂರಕ್ಕೆ 35 ಮಂದಿಗೆ. ಕೊಟ್ಟವರಲ್ಲಿ ನೂರಕ್ಕೆ 19.3. ಹದಿನೈದು ವರ್ಷದಲ್ಲಿ ಸ್ತನ ಕ್ಯಾನ್ಸರ್‌ನಿಂದ ಸತ್ತವರು ಕೊಡದವರಲ್ಲಿ ನೂರಕ್ಕೆ 25.2, ಕೊಟ್ಟವರಲ್ಲಿ 21.4.

ಇದನ್ನೇ ಸಾವಿರದ ಲೆಕ್ಕಕ್ಕೆ ತನ್ನಿ. ಸಾವಿರ ಹೆಂಗಸರು ಕರೆಂಟ್ ಇಡಿಸಿಕೊಂಡರೆ ಸುಮಾರು 157 ಮಂದಿಗೆ ಹತ್ತು ವರ್ಷದಲ್ಲಿ ಮರುಕಳಿಸುವುದು ತಪ್ಪುತ್ತದೆ. ಹದಿನೈದು ವರ್ಷದಲ್ಲಿ ಸುಮಾರು 38 ಜೀವ ಉಳಿಯುತ್ತದೆ. ಈ ಅಪರೂಪದ ಗಡ್ಡೆ ಬರುವುದು ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ದೊಡ್ಡಮ್ಮನಿಗೆ ನಾನು ಹೇಳಿದ್ದು ಈ ಲೆಕ್ಕವನ್ನೇ. “38 ಮಂದೀನಾ?” ಅಂತ ಎರಡು ಸಲ ಕೇಳಿದರು. ಮಾರ್ಕೆಟ್‌ಗೆ ಟೊಮೆಟೊ ಬಾಕ್ಸ್ ಕಳಿಸಿ ಲೆಕ್ಕ ಹಾಕಿ ಗೊತ್ತಿರುವವರು, ಒಂದೇ ಸಲಕ್ಕೆ ಹಿಡಿದುಕೊಂಡರು.

ಆ ಪ್ರಯೋಗಗಳು ಹಳೆಯವು, ಈಗ ಔಷಧಿಗಳು ಸುಧಾರಿಸಿವೆ, ಹಾಗಾಗಿ ಇವತ್ತು ಎರಡೂ ಕಡೆ ಮರುಕಳಿಸುವುದು ಕಡಿಮೆ. ಎಲ್ಲರಿಗೂ ಕರೆಂಟ್ ಬೇಕೇ ಬೇಕು ಅಂತಲೂ ಇಲ್ಲ. ವಯಸ್ಸು 65 ದಾಟಿದ, ಗಂಟು ಮೂರು ಸೆಂಟಿಮೀಟರ್ ಒಳಗಿರುವ, ಕಂಕುಳ ಗ್ರಂಥಿಗೆ ಹರಡಿರದ, ಹಾರ್ಮೋನ್ ಮಾತ್ರೆಗೆ ಬಗ್ಗುವ ಜಾತಿಯ ಕ್ಯಾನ್ಸರ್ ಇರುವವರ ಮೇಲೆ ಬ್ರಿಟನ್ನಿನವರ ನೇತೃತ್ವದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಹತ್ತು ವರ್ಷದ ಫಲ 2023ರಲ್ಲಿ ಬಂತು. ಕರೆಂಟ್ ಇಲ್ಲದೆ ಬರೀ ಮಾತ್ರೆಯಲ್ಲಿದ್ದವರಲ್ಲಿ ಅದೇ ಎದೆಯಲ್ಲಿ ಮತ್ತೆ ಗಂಟು ಬಂದದ್ದು ನೂರಕ್ಕೆ ಒಂಬತ್ತು ಹತ್ತು ಮಂದಿಗೆ, ಕರೆಂಟ್ ಪಡೆದವರಲ್ಲಿ ಒಬ್ಬರಿಗೆ. ಆದರೆ ಬದುಕಿದ್ದವರ ಪ್ರಮಾಣ ಎರಡೂ ಕಡೆ ಒಂದೇ, ನೂರಕ್ಕೆ ಸುಮಾರು 81. ಅಂಥ ಅಜ್ಜಿಗೆ “ನನಗೆ ಕರೆಂಟ್ ಬಿಡಬಹುದಾ ಡಾಕ್ಟ್ರೇ?” ಅಂತ ಕೇಳುವ ಹಕ್ಕಿದೆ. ಕೇಳಬೇಕು. ನಮ್ಮ ಬೀಗಿತ್ತಿ ಆ ಗುಂಪಿನವರಲ್ಲ. ಅವರ ಕಂಕುಳಲ್ಲಿ ಗ್ರಂಥಿಗಳಿಗೆ ಹರಡಿತ್ತು. ಅವರ ಮಟ್ಟಿಗೆ ಕರೆಂಟ್ ತಪ್ಪಿಸುವುದು ಅಂದರೆ ಸಾವಿರಕ್ಕೆ ಒಂದರ ಭಯಕ್ಕೆ ನೂರಾರರ ಅಪಾಯವನ್ನು ಮನೆಗೆ ಕರೆದುಕೊಂಡ ಹಾಗೆ.

ನೇರಳೆ ಹಣ್ಣಿನ ಬಣ್ಣ

ಈಗ ದೊಡ್ಡಮ್ಮನ ಕಡೆಗೆ ಬರುತ್ತೇನೆ. ಯಾಕೆಂದರೆ ಹೆಚ್ಚು ಹೇಳಬೇಕಾದದ್ದು ಇಲ್ಲೇ ಇದೆ, ಮತ್ತು ಇದನ್ನು ಯಾರೂ ಹೇಳುತ್ತಿಲ್ಲ.

ಸ್ತನ ಕ್ಯಾನ್ಸರ್ ಬಗ್ಗೆ ನಾವು ಹೆಂಗಸರಿಗೆ ಹೇಳಿಕೊಟ್ಟಿರುವುದು ಒಂದೇ ಮಾತು. ಗಂಟು ಹುಡುಕಿ. ಆಶಾ ಕಾರ್ಯಕರ್ತೆಯರು ಹೇಳುವುದೂ ಅದನ್ನೇ, ಶಿಬಿರಗಳಲ್ಲಿ ಹೇಳುವುದೂ ಅದನ್ನೇ. ಅದು ಸರಿಯಾದ ಮಾತು. ಆದರೆ ಈ ಗಡ್ಡೆ ಬಹಳ ಸಲ ಗಂಟಾಗಿ ಬರುವುದಿಲ್ಲ, ಚರ್ಮದ ಮೇಲೆ ಕಲೆಯಾಗಿ ಬರುತ್ತದೆ. ಏಟು ಬಿದ್ದು ರಕ್ತ ಹೆಪ್ಪುಗಟ್ಟಿದ ಹಾಗೆ. ನೀಲಿ, ಕೆಂಪು, ಇಲ್ಲಾ ಎರಡೂ ಬೆರೆತದ್ದು. ಕೆಲವರಿಗೆ ಸಣ್ಣ ಗುಳ್ಳೆಗಳು, ಕೆಲವರಿಗೆ ಚರ್ಮ ದಪ್ಪವಾಗುವುದು, ಕೆಲವರಿಗೆ ಸುಮ್ಸುಮ್ನೆ ರಕ್ತ ಜಿನುಗುವುದು. ನೋವು ಇರದೆಯೂ ಇರಬಹುದು. ನೋವಿಲ್ಲದ್ದನ್ನು ನಮ್ಮಲ್ಲಿ ಯಾರು ಕಾಯಿಲೆ ಅಂತಾರೆ?

ಬಣ್ಣದ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ವೈದ್ಯರ ಪುಸ್ತಕಗಳಲ್ಲಿರುವ ಚಿತ್ರಗಳು ಹೆಚ್ಚಾಗಿ ಬಿಳಿ ಚರ್ಮದವರದ್ದು. ಬಿಳಿ ಮೈ ಮೇಲೆ ಕೆಂಪು ನೇರಳೆ ಎದ್ದು ಕಾಣುತ್ತದೆ. ಬಿಸಿಲಲ್ಲಿ ದುಡಿದ ನಮ್ಮ ಕಪ್ಪು ಮೈ ಮೇಲೆ ಅದು ಕಪ್ಪಗೆ, ಕಂದು ಬಣ್ಣಕ್ಕೆ, ಚೆನ್ನಾಗಿ ಮಾಗಿದ ನೇರಳೆ ಹಣ್ಣಿನ ಸಿಪ್ಪೆಯ ಬಣ್ಣಕ್ಕೆ ಕಾಣಬಹುದು. ಕರೆಂಟ್ ಕೊಟ್ಟ ಜಾಗ ಮೊದಲೇ ಕಪ್ಪಾಗಿರುತ್ತದೆ. ಕಪ್ಪಿನ ಮೇಲೆ ಕಪ್ಪು. ಹಾಗಾಗಿ ಬಣ್ಣ ಯಾವುದು ಅನ್ನುವುದಕ್ಕಿಂತ ಹೋದ ತಿಂಗಳಿಗೂ ಈ ತಿಂಗಳಿಗೂ ಏನು ಬದಲಾಗಿದೆ ಅನ್ನುವುದನ್ನು ನೋಡಬೇಕು.

ಏಟಿನ ಕಲೆಗೂ ಇದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಏಟಿನ ಕಲೆ ದಿನ ಕಳೆದಂತೆ ಬಣ್ಣ ಬದಲಿಸುತ್ತದೆ. ನೀಲಿ ಹೋಗಿ ಹಸಿರಾಗಿ, ಹಳದಿಯಾಗಿ, ಎರಡು ಮೂರು ವಾರದಲ್ಲಿ ಮಾಯವಾಗುತ್ತದೆ. ಈ ಕಲೆ ಮಾಯವಾಗುವುದಿಲ್ಲ. ಹರಡುತ್ತದೆ, ದಪ್ಪವಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ವಯಸ್ಸಾದವರು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಣ್ಣಪುಟ್ಟದ್ದಕ್ಕೂ ಮೈ ನೀಲಿಗಟ್ಟುತ್ತದೆ, ಅದು ನಿಜ. ಆದರೂ ಕರೆಂಟ್ ಕೊಟ್ಟ ಜಾಗದಲ್ಲೇ ಕಲೆ ಎದ್ದು ಮೂರು ವಾರ ದಾಟಿದರೆ ಮಾತ್ರೆಯ ಮೇಲೆ ಹಾಕಿ ಸುಮ್ಮನಾಗಬಾರದು.

ದೊಡ್ಡಮ್ಮನಿಗೇ ಎರಡು ವರ್ಷದ ಹಿಂದೆ ಹೀಗಾಗಿತ್ತು. ಹೊಲಿಗೆ ಹಾಕಿದ ಗುರುತಿನ ಕೆಳಗೆ ಒಂದು ಕಪ್ಪು ಕಲೆ. ಹಾಲು ಕರೆಯುವಾಗ ಕರು ಹಾಯ್ದಿತ್ತು, ಅದರದ್ದೇ ಅಂದರು. ಮೊದಲು ಅರಿಶಿನ. ಆಮೇಲೆ ಯಾರೋ ಸರ್ಪಸುತ್ತು ಅಂದರು, ಕೆಮ್ಮಣ್ಣು ಹಚ್ಚಿದರು. ಆಮೇಲೆ ಒಂದು ಕ್ಲಿನಿಕ್‌ಗೆ ಹೋದರು. ಅಲ್ಲಿ ಹುಳುಕಡ್ಡಿಯ ಮುಲಾಮು ಕೊಟ್ಟರು. ಆರು ವಾರ ಅದನ್ನೇ ಹಚ್ಚಿದರು. ಆ ಆರು ವಾರದಲ್ಲಿ ಒಬ್ಬರಾದರೂ “ಇಲ್ಲಿ ಹಿಂದೆ ಕರೆಂಟ್ ಕೊಟ್ಟಿದ್ದಾರಾ?” ಅಂತ ಕೇಳಲಿಲ್ಲ. ದೊಡ್ಡಮ್ಮ ತಾವಾಗಿ ಹೇಳಲೂ ಇಲ್ಲ. ಆ ಕಾಯಿಲೆ ಮುಗಿದುಹೋದದ್ದು, ಚರ್ಮದ ಡಾಕ್ಟರಿಗೆ ಅದನ್ನೆಲ್ಲ ಯಾಕೆ ಹೇಳಬೇಕು ಅಂದುಕೊಂಡಿದ್ದರು. ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಯಾಪ್ಸಿ ಮಾಡಿಸಿದೆವು. ಕರೆಂಟ್‌ನಿಂದ ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗಿದ್ದವು, ಅಷ್ಟೇ. ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರಿಗೂ ಊಟ ಸೇರಿರಲಿಲ್ಲ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಕರೆಂಟ್ ಕೊಟ್ಟ ಜಾಗದಲ್ಲಿ ಏಳುವ ಕಲೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಹಿಗ್ಗಿದ ರಕ್ತನಾಳ ಇರಬಹುದು, ಸೋಂಕು ಇರಬಹುದು, ಚರ್ಮ ಗಟ್ಟಿಯಾಗುವ ತೊಂದರೆ ಇರಬಹುದು. ಇನ್ನೊಂದು ನಡುವಿನ ಜಾತಿಯೂ ಇದೆ. ರಕ್ತನಾಳದ ಕಣಗಳು ಸ್ವಲ್ಪ ದಾರಿ ತಪ್ಪಿ ಬೆಳೆದ ಸಣ್ಣ ಗುಳ್ಳೆಗಳು. ಸಾಮಾನ್ಯವಾಗಿ ಆಂಜಿಯೋಸಾರ್ಕೋಮಕ್ಕಿಂತ ಬೇಗ, ಮೂರು ನಾಲ್ಕು ವರ್ಷಕ್ಕೇ ಬರುತ್ತವೆ. ಬಹುತೇಕ ನಿರಪಾಯಕಾರಿ. ಆದರೂ ತೆಗೆಸಿ, ಮುಂದೆಯೂ ಕಣ್ಣಿಟ್ಟಿರಬೇಕು. ಇವುಗಳಲ್ಲಿ ಯಾವುದು ಯಾವುದು ಅಂತ ಬರೀ ಕಣ್ಣಲ್ಲಿ ನೋಡಿ ಹೇಳಲು ಅನುಭವ ಇರುವ ಡಾಕ್ಟರಿಗೂ ಕಷ್ಟ. ತುಂಡು ತೆಗೆದು ಟೆಸ್ಟಿಗೆ ಕಳಿಸಲೇಬೇಕು.

ಆ ತುಂಡು ತೆಗೆಯುವುದರಲ್ಲೂ ಒಂದು ಸೂಕ್ಷ್ಮ ಇದೆ. ಗಂಟಿಗೆ ಸೂಜಿ ಚುಚ್ಚಿ ನೀರು ಎಳೆಯುವ ಪರೀಕ್ಷೆ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಇದಕ್ಕೆ ಅದು ಸಾಲದು, ಏನೂ ಸಿಗದೆ ‘ಕ್ಯಾನ್ಸರ್ ಇಲ್ಲ’ ಅಂತ ಬರಬಹುದು. ಚರ್ಮವನ್ನೇ ಆಳದ ತನಕ ಸಣ್ಣದಾಗಿ ಕತ್ತರಿಸಿ ತೆಗೆಯಬೇಕು. ಮೊದಲ ಸಲ ಇಲ್ಲ ಅಂತ ಬಂದರೂ ಕಲೆ ಬೆಳೆಯುತ್ತಲೇ ಇದ್ದರೆ ಮತ್ತೆ ತೆಗೆಯಬೇಕು. ಮ್ಯಾಮೊಗ್ರಾಂ ಮಾಡಿಸಿದ್ದೇವೆ, ಎಲ್ಲ ಸರಿ ಇದೆ ಅಂದುಕೊಳ್ಳುವುದೂ ತಪ್ಪು. ಚರ್ಮದಲ್ಲಿ ಹಬ್ಬುವ ಈ ಗಡ್ಡೆ ಮ್ಯಾಮೊಗ್ರಾಂನಲ್ಲಿ ಕಾಣದೇ ಹೋಗಬಹುದು. ಚರ್ಮ ದಪ್ಪವಾದಂತೆ ಮಾತ್ರ ಕಂಡರೆ, ಅದು ಹಳೆಯ ಕರೆಂಟ್‌ನ ಗುರುತು ಅಂತ ಓದುವವರಿಗೂ ಅನ್ನಿಸಬಹುದು.

ತುಂಡು ಲ್ಯಾಬಿಗೆ ಹೋಗುವಾಗ ಜೊತೆಯ ಚೀಟಿಯಲ್ಲಿ ‘ಈ ಜಾಗಕ್ಕೆ ಇಂಥ ವರ್ಷ ರೇಡಿಯೇಷನ್ ಕೊಟ್ಟಿದೆ’ ಅನ್ನುವ ಒಂದು ಸಾಲು ಇರಬೇಕು. ಆ ಒಂದು ಸಾಲು ನೋಡಿದರೆ ಪರೀಕ್ಷೆ ಮಾಡುವವರು ಬೇರೆ ಕಣ್ಣಿನಿಂದ ನೋಡುತ್ತಾರೆ. ರಕ್ತನಾಳದ ಕಣ ಹೌದಾ ಅಂತ ತೋರಿಸುವ ವಿಶೇಷ ಬಣ್ಣದ ಪರೀಕ್ಷೆಗಳನ್ನು ಮಾಡುತ್ತಾರೆ. ಮಿಕ್ ಅನ್ನುವ ಒಂದು ಜೀನ್ ಇದೆ. ಕಣಕ್ಕೆ ‘ಒಡೆದು ಎರಡಾಗು’ ಅಂತ ಹೇಳುವ ಜೀನ್‌ಗಳಲ್ಲಿ ಅದೂ ಒಂದು. ಕರೆಂಟ್ ನಂತರದ ಆಂಜಿಯೋಸಾರ್ಕೋಮಗಳಲ್ಲಿ ಹೆಚ್ಚಾಗಿ ಈ ಜೀನ್‌ನ ಪ್ರತಿಗಳು ಬೇಕಾಬಿಟ್ಟಿ ಹೆಚ್ಚಾಗಿರುತ್ತವೆ. ನಿರಪಾಯದ ಗುಳ್ಳೆಗಳಲ್ಲಿ ಹಾಗಿರುವುದಿಲ್ಲ. ಗುರುತಿಸುವುದಕ್ಕೆ ಇದು ದೊಡ್ಡ ಸಹಾಯ.

ಗಡ್ಡೆ ಇದೇ ಅಂತ ಗೊತ್ತಾದರೆ ಮುಖ್ಯ ಚಿಕಿತ್ಸೆ ಆಪರೇಷನ್. ಕಣ್ಣಿಗೆ ಕಂಡ ಕಲೆಯಷ್ಟೇ ತೆಗೆದರೆ ಸಾಲದು, ಕಲೆಯ ಆಚೆಗೂ ಅದು ಹಬ್ಬಿರುತ್ತದೆ. ಹೆಚ್ಚಾಗಿ ಸ್ತನವನ್ನು ಪೂರ್ತಿ, ಕರೆಂಟ್ ಬಿದ್ದ ಚರ್ಮದ ಬಹುಭಾಗದ ಜೊತೆ ತೆಗೆಯುತ್ತಾರೆ. ಖಾಲಿಯಾದ ಜಾಗಕ್ಕೆ ಬೆನ್ನಿನಿಂದಲೋ ಹೊಟ್ಟೆಯಿಂದಲೋ ಚರ್ಮ ತಂದು ಮುಚ್ಚಬೇಕಾಗಬಹುದು. ಇದು ರಕ್ತದ ದಾರಿ ಹಿಡಿದು ಶ್ವಾಸಕೋಶಕ್ಕೆ ಹೋಗುವ ಜಾತಿ, ಆದ್ದರಿಂದ ಎದೆಯ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಕೆಲವರಿಗೆ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಕೊಡುತ್ತಾರೆ. ಮುಚ್ಚಿಡದೆ ಹೇಳಬೇಕೆಂದರೆ ಇದು ಒರಟು ಕಾಯಿಲೆ, ಅದೇ ಜಾಗದಲ್ಲಿ ಮತ್ತೆ ಬರುವುದು ಜಾಸ್ತಿ. ಐದು ವರ್ಷ ದಾಟುವವರು ಸುಮಾರು ಅರ್ಧದಷ್ಟು. ಸಣ್ಣದಿರುವಾಗ ಸಿಕ್ಕಿ, ಅಂಚು ಚೊಕ್ಕಟವಾಗಿ ಬರುವಂತೆ ತೆಗೆದವರ ಪಾಡು ಉಳಿದವರಿಗಿಂತ ಚೆನ್ನಾಗಿರುತ್ತದೆ. ಮುಲಾಮು ಹಚ್ಚಿದ ಆ ಆರು ವಾರ ಯಾಕೆ ನನ್ನ ಮನಸ್ಸಿನಲ್ಲಿ ಇನ್ನೂ ಚುಚ್ಚುತ್ತದೆ ಅನ್ನುವುದು ಇದರಿಂದ ಗೊತ್ತಾಗಬಹುದು.

ಊದಿದ ಕೈ

ಎದೆಯ ಜೊತೆಗೇ ನೋಡಿಕೊಳ್ಳಬೇಕಾದ ಇನ್ನೊಂದು ಜಾಗ ಇದೆ, ಕೈ. ಕಂಕುಳ ಗ್ರಂಥಿಗಳನ್ನು ತೆಗೆದ ಮೇಲೆ, ಅಲ್ಲಿಗೆ ಕರೆಂಟ್ ಕೊಟ್ಟ ಮೇಲೆ, ಕೆಲವರ ಆ ಕಡೆಯ ಕೈ ಊದಿಕೊಳ್ಳುತ್ತದೆ. ದುಗ್ಧರಸ ಹರಿದು ಹೋಗುವ ದಾರಿ ಮುಚ್ಚಿರುತ್ತದೆ. ವರ್ಷಗಟ್ಟಲೆ ಹಾಗೇ ಊದಿದ ಕೈಯಲ್ಲೂ ಇದೇ ಜಾತಿಯ ಗಡ್ಡೆ ಬರಬಹುದು ಅಂತ ನ್ಯೂಯಾರ್ಕಿನ ವೈದ್ಯರಾದ ಸ್ಟೀವರ್ಟ್ ಮತ್ತು ಟ್ರೀವ್ಸ್ ಆರು ರೋಗಿಗಳನ್ನು ನೋಡಿ ಬರೆದರು. ಅದೂ 1948ರಲ್ಲೇ. ಅದೂ ತುಂಬಾ ಅಪರೂಪ. ಅದೂ ನೀಲಿ ಕಲೆಯಾಗಿಯೇ ಶುರುವಾಗುತ್ತದೆ.

ಕೋಲಾರದ ಹೆಂಗಸರ ಕೈ ಸುಮ್ಮನಿರುವ ಕೈಯಲ್ಲ. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಬೇಕು. ಟೊಮೆಟೊ ಬಿಡಿಸಬೇಕು. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಕಾಯಿ ಆರಿಸಿ ಬುಟ್ಟಿ ಹೊರಬೇಕು. ಮುಳ್ಳು ಚುಚ್ಚುತ್ತದೆ, ಕಡ್ಡಿ ಗೀರುತ್ತದೆ. ಊದಿದ ಕೈಯಲ್ಲಿ ಒಂದು ಕಪ್ಪು ಮಚ್ಚೆ ಎದ್ದರೆ ಎಲ್ಲೋ ಗೀರಿದ್ದು ಅಂತ ಬಿಟ್ಟುಬಿಡುವುದು ಸಹಜ. ಅದಕ್ಕೇ ಊದಿದ ಕೈಗೂ ಅದೇ ಮೂರು ವಾರದ ಲೆಕ್ಕ ಇಟ್ಟುಕೊಳ್ಳಿ ಅನ್ನುತ್ತೇನೆ. ಊತಕ್ಕೆ ವ್ಯಾಯಾಮ, ಬಿಗಿ ಪಟ್ಟಿ, ನೀವುವ ಕ್ರಮ ಎಲ್ಲ ಇವೆ. ಕ್ಯಾನ್ಸರ್ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದಲ್ಲಿ ಹೇಳಿಕೊಡುತ್ತಾರೆ. ಕೇಳಿ ಪಡೆಯಬೇಕು.

ಐದು ವರ್ಷದ ನಂತರ ಯಾರು ನೋಡುತ್ತಾರೆ?

ನನ್ನ ನಿಜವಾದ ತಕರಾರು ಇಲ್ಲಿದೆ. ಚಿಕಿತ್ಸೆ ಮುಗಿದ ಮೇಲೆ ಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸಿಕೊಳ್ಳಲು ಹೇಳುತ್ತಾರೆ. ಐದು ವರ್ಷ ಆದ ಮೇಲೆ ನಮ್ಮ ಹಳ್ಳಿಗಳಲ್ಲಿ ಬಹಳ ಜನ ಹೋಗುವುದನ್ನೇ ಬಿಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಮುಳಬಾಗಿಲಿನಿಂದ ಬೆಂಗಳೂರಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ, ಬಸ್ ಖರ್ಚು, ಜೊತೆಗೆ ಬರುವವರ ಕೂಲಿ. ಮೈ ಚೆನ್ನಾಗಿದೆ, ಐದು ವರ್ಷ ದಾಟಿತು, ಇನ್ನು ಗೆದ್ದೆ ಅನ್ನುವ ಸಮಾಧಾನ ಬೇರೆ. ಆದರೆ ಈ ಗಡ್ಡೆ ಬರುವುದೇ ಆ ಸಮಾಧಾನದ ವರ್ಷಗಳಲ್ಲಿ. ಡಾಕ್ಟರ ಕಣ್ಣು ತಪ್ಪಿದ ಮೇಲೆ ಶುರುವಾಗುವ ಕಾಯಿಲೆ ಇದು. ಹಾಗಾಗಿ ಇದನ್ನು ಮೊದಲು ನೋಡುವುದು ಊರಿನವರೇ. ಸೊಸೆ, ಮಗಳು, ಆಶಾ, ಊರ ಕ್ಲಿನಿಕ್ಕಿನವರು, ಪೇಟೆಯ ಚರ್ಮದ ಡಾಕ್ಟರು.

ಮುಂದೆ ಇಂಥವರು ಹೆಚ್ಚಾಗುತ್ತಾರೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂದಿದೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಹೆಂಗಸರ ಕ್ಯಾನ್ಸರ್‌ಗಳಲ್ಲಿ ಅದೇ ಮೊದಲ ಸ್ಥಾನದಲ್ಲಿದೆ. ಚಿಕಿತ್ಸೆ ಸುಧಾರಿಸಿದಷ್ಟೂ ಬದುಕಿ ಉಳಿಯುವವರು ಹೆಚ್ಚು. ನಮ್ಮಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ, ಅಂದರೆ ಕರೆಂಟ್ ಪಡೆದ ಮೇಲೆ ಬದುಕುವ ವರ್ಷಗಳೂ ಹೆಚ್ಚು. ಬದುಕಿ ಉಳಿದವರಿಗೇ ಬರುವ ಕಾಯಿಲೆ ಇದು. ಅಷ್ಟರ ಮಟ್ಟಿಗೆ ಇದು ಒಳ್ಳೆಯ ಸುದ್ದಿಯ ಬೆನ್ನಿಗೆ ಬಂದ ಕೆಲಸ.

ಆ ಕೆಲಸ ದೊಡ್ಡದೇನಲ್ಲ. ಮೂವತ್ತು ದಾಟಿದವರನ್ನು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗೆ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ ಈಗಾಗಲೇ ಇದೆ. ಆಶಾ ಮನೆಮನೆಗೆ ಹೋಗಿ ಫಾರಂ ತುಂಬುತ್ತಾರೆ. ಹಿಂದೆ ಕ್ಯಾನ್ಸರ್ ಬಂದವರ ಮನೆಯಲ್ಲಿ ಇನ್ನೊಂದೇ ಪ್ರಶ್ನೆ ಕೇಳಿದರೆ ಸಾಕು. “ಕರೆಂಟ್ ಕೊಟ್ಟ ಜಾಗದಲ್ಲಿ ಹೊಸ ಕಲೆ ಏನಾದರೂ ಎದ್ದಿದೆಯಾ ಅಕ್ಕಾ?” ಇದಕ್ಕೆ ಯಂತ್ರ ಬೇಡ, ದುಡ್ಡು ಬೇಡ. ಚರ್ಮದ ಡಾಕ್ಟರ ಹತ್ತಿರ ಹೋದಾಗಲೂ ಹೆಂಗಸರು ಮೊದಲು ಹೇಳಬೇಕಾದ ಮಾತು “ನನಗೆ ಇಲ್ಲಿ ಕರೆಂಟ್ ಕೊಟ್ಟಿದ್ದಾರೆ” ಅನ್ನುವುದು. ಕಲೆ ತೋರಿಸುವ ಮೊದಲೇ ಹೇಳಬೇಕು.

ಫೈಲು ಜೋಪಾನವಾಗಿಡುವುದೂ ಮುಖ್ಯ. ನಮ್ಮ ಮನೆಗಳಲ್ಲಿ ಆಸ್ಪತ್ರೆ ಕಾಗದಗಳು ಬಟ್ಟೆ ಅಂಗಡಿಯ ಕವರಿನಲ್ಲಿ, ಗೋಡೆಯ ಮೊಳೆಗೆ ನೇತು ಹಾಕಿರುತ್ತವೆ. ಮನೆಗೆ ಸುಣ್ಣ ಹೊಡೆಯುವಾಗ ಎಲ್ಲೋ ಸೇರಿಹೋಗುತ್ತವೆ. ಕರೆಂಟ್ ಮುಗಿದ ದಿನ ಕೊಡುವ ಕಾಗದದಲ್ಲಿ ಯಾವ ಕಡೆ, ಎಷ್ಟು ದಿನ, ಎಷ್ಟು ಗ್ರೇ (ಕಿರಣದ ಪ್ರಮಾಣ ಅಳೆಯುವ ಮಾನ) ಡೋಸ್, ಯಾವ ತಾರೀಕಿನಿಂದ ಯಾವ ತಾರೀಕಿಗೆ ಅಂತ ಇರುತ್ತದೆ. ಹತ್ತು ವರ್ಷದ ನಂತರ ಆ ಒಂದು ಹಾಳೆ ಬೇಕಾಗಬಹುದು. ಮೊಬೈಲಿನಲ್ಲಿ ಫೋಟೊ ತೆಗೆದು ಮಕ್ಕಳಿಗೂ ಕಳಿಸಿಡಿ.

ನಾಚಿಕೆಯ ಮಾತನ್ನೂ ಆಡಲೇಬೇಕು. ನಮ್ಮ ಅಜ್ಜಿಯಂದಿರ ಮೈಯನ್ನು ಯಾರೂ ನೋಡುವುದಿಲ್ಲ. ಗಂಡ ಹೋಗಿರುತ್ತಾನೆ. ಸೊಸೆ ಮುಂದೆ ಸಂಕೋಚ. ಮನೆಯಲ್ಲಿರುವ ಕನ್ನಡಿ ಕುಂಕುಮ ಇಡುವಷ್ಟು ದೊಡ್ಡದು. ಸ್ತನದ ಕೆಳಮಗ್ಗುಲಲ್ಲಿ, ಕಂಕುಳಿನ ಸಂದಿಯಲ್ಲಿ ಎದ್ದದ್ದು ತಮಗೂ ಕಾಣುವುದಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಸ್ನಾನದ ದಿನ ಮಗಳೋ ಸೊಸೆಯೋ ಬೆನ್ನು ತಿಕ್ಕುವ ನೆಪದಲ್ಲಿ ಒಂದು ಸಲ ನೋಡಿದರೆ ಸಾಕು.

ಇನ್ನು ಕರೆಂಟ್ ಶುರುವಾಗಬೇಕಾದವರ ಕಷ್ಟ. ಇಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ಹಿಂದೆ 50 ಗ್ರೇ ಡೋಸನ್ನು 25 ದಿನ, ಐದು ವಾರ ಕೊಡುತ್ತಿದ್ದರು. ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪ್ರಯೋಗಗಳು 40 ಗ್ರೇಯನ್ನು 15 ದಿನಕ್ಕೆ ಕೊಟ್ಟರೂ ಫಲ ಅಷ್ಟೇ ಅಂತ ತೋರಿಸಿದವು. 2020ರಲ್ಲಿ ಬಂದ ಇನ್ನೊಂದು ಪ್ರಯೋಗ 26 ಗ್ರೇಯನ್ನು ಐದೇ ದಿನದಲ್ಲಿ ಕೊಟ್ಟು ಐದು ವರ್ಷ ನೋಡಿ, ಅದೂ 15 ದಿನದ್ದಕ್ಕಿಂತ ಕಡಿಮೆಯಿಲ್ಲ ಅಂತ ತೋರಿಸಿತು. ಎಲ್ಲರಿಗೂ ಐದು ದಿನದ್ದು ಹೊಂದುವುದಿಲ್ಲ, ಡಾಕ್ಟರು ನೋಡಿ ಹೇಳಬೇಕು. ಆದರೆ 25 ದಿನ ಬೆಂಗಳೂರಿನಲ್ಲಿ ಉಳಿಯಲು ಆಗದೆ ಅರ್ಧಕ್ಕೆ ಬಿಟ್ಟು ಬರುವವರಿಗೆ 15 ದಿನ ಅನ್ನುವುದು ಎಷ್ಟು ದೊಡ್ಡ ಸಹಾಯ ಅಂತ ಊರಿನವರಿಗೆ ಗೊತ್ತು. ನಮ್ಮ ಕಡೆಯ ಬಡವರು ಹೆಚ್ಚಾಗಿ ಹೋಗುವುದು 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಕಾರ್ಡು, ಆಧಾರ್ ಜೊತೆಗಿರಲಿ.

ಬೀಗಿತ್ತಿಯನ್ನು ಒಪ್ಪಿಸಿದ್ದು ನಾನಲ್ಲ. ದೊಡ್ಡಮ್ಮ ಬೆಳಿಗ್ಗೆಯೇ ಬಸ್ ಹತ್ತಿ ಬಂಗಾರಪೇಟೆಗೆ ಹೋಗಿದ್ದಾರೆ. ಬಾಗಿಲು ಹಾಕಿಕೊಂಡು, ರವಿಕೆ ಬಿಚ್ಚಿ, ತಮ್ಮ ಎಡ ಎದೆಯನ್ನು ತೋರಿಸಿದ್ದಾರೆ. ಕಪ್ಪಾದ ಚರ್ಮ, ಹೊಲಿಗೆಯ ಗುರುತು, ಬಯಾಪ್ಸಿ ತೆಗೆದ ಜಾಗದ ಸಣ್ಣ ಗುಳಿ. “ಏಳು ವರ್ಷದಿಂದ ಇದನ್ನು ಇಟ್ಟುಕೊಂಡೇ ಹಾಲು ಕರೀತಿದ್ದೀನಿ. ನೀವು ಹೋಗಿ ಬನ್ನಿ” ಅಂದರಂತೆ.

ಬೀಗಿತ್ತಿಗೆ ಈಗ ಹದಿನೈದರಲ್ಲಿ ಒಂಬತ್ತು ದಿನ ಮುಗಿದಿದೆ. ಕಂಕುಳ ಹತ್ತಿರ ಚರ್ಮ ಸ್ವಲ್ಪ ಕೆಂಪಾಗಿ ಉರಿಯುತ್ತಿದೆ, ಅದು ಸಾಮಾನ್ಯ ಅಂತ ನರ್ಸ್ ಹೇಳಿದ್ದಾರೆ. ದೊಡ್ಡಮ್ಮ ತಮ್ಮ ಹಳೆಯ ಫೈಲನ್ನು ಅಟ್ಟದಿಂದ ಇಳಿಸಿದ್ದಾರೆ. ಮೊಮ್ಮಗನ ಕೈಯಲ್ಲಿ ಅದರ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದಾರೆ: ಎಡಗಡೆ, ಕರೆಂಟ್, 25 ದಿನ.